ಗೊತ್ತಿದ್ದೂ ಏಕೆ ಮಾಡುವುದಿಲ್ಲ?

ಪ್ಲಾಸ್ಟಿಕ್ ಪರಿಸರಕ್ಕೆ ಹಾನಿಕರ ಎಂದು ನಮಗೆಲ್ಲ ಗೊತ್ತು. ಆದರೂ ಅಂಗಡಿಯಲ್ಲಿ ಕ್ಯಾರಿ ಬ್ಯಾಗ್ ಕೇಳಿ ಪಡೆಯುತ್ತೇವೆ. ನಾವು ಒಪ್ಪುವುದು ಮನೋಭಾವ, ಮಾಡುವುದು ವರ್ತನೆ. ಇವೆರಡೂ ಏಕೆ ಹೊಂದುವುದಿಲ್ಲ ಎಂಬುದನ್ನು ಸಮಾಜಶಾಸ್ತ್ರ ಅಧ್ಯಯನ ಮಾಡುತ್ತದೆ.

ಇದಕ್ಕೆ ವ್ಯಕ್ತಿಯ ಉದಾಸೀನವೊಂದೇ ಕಾರಣವಲ್ಲ. ಸುತ್ತಲಿನ ವ್ಯವಸ್ಥೆ, ಬೆಲೆ ಮತ್ತು ರೂಢಿ ಕೂಡ ವರ್ತನೆಯನ್ನು ನಿರ್ಧರಿಸುತ್ತವೆ. ಐರ್ಲೆಂಡ್ ದೇಶವು 2002ರಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ವಿಧಿಸಿತು. ಅದನ್ನು ಗ್ರಾಹಕರೇ ಕೊಡಬೇಕಿತ್ತು. ಚೀಲಗಳ ಬಳಕೆ ಸುಮಾರು ಶೇ. 90ರಷ್ಟು ಇಳಿಯಿತು. ಮನೆಯಿಂದ ಚೀಲ ತರುವುದು ರೂಢಿಯಾಯಿತು. ಕರ್ನಾಟಕದಲ್ಲಿ 2016ರಲ್ಲೇ ಕ್ಯಾರಿ ಬ್ಯಾಗ್ ನಿಷೇಧವಾಗಿದೆ. ಆದರೆ ಅದು ಇನ್ನೂ ಎಷ್ಟೋ ಕಡೆ ಪುಕ್ಕಟೆ ಸಿಗುತ್ತದೆ, ಪಕ್ಕದವರೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಮಗೂ ತಪ್ಪೆನಿಸುವುದಿಲ್ಲ.

ನೀರಿನ ವಿಷಯವೂ ಹೀಗೆಯೇ. ವುಝೂ ಮಾಡುವಾಗ ನೀರು ಪೋಲು ಮಾಡಬಾರದೆಂಬುದು ಪ್ರವಾದಿವರ್ಯರ (ಸ) ಬೋಧನೆ. ಮದ್ರಸಾದಲ್ಲಿ ಎಲ್ಲರೂ ಕಲಿತಿದ್ದೇವೆ. ಆದರೂ ತಲೆ ಸವರುವಾಗ ನಲ್ಲಿ ಹರಿಯುತ್ತಲೇ ಇರುತ್ತದೆ. ನಮ್ಮ ದಾದಿ ಒಂದೇ ಲೋಟಾ ನೀರಿನಲ್ಲಿ ವುಝೂ ಮುಗಿಸುತ್ತಾರೆ. ಲೋಟಾದಲ್ಲಿ ಎಷ್ಟು ನೀರು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ನಲ್ಲಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಗೋಡೆಯ ಮೇಲೆ ‘ನೀರು ಉಳಿಸಿ’ ಎಂದು ಬರೆದರೆ ಸಾಲದು. ನಮ್ಮ ಕಾಲೇಜಿನ ವುಝೂ ಸ್ಥಳದಲ್ಲಿ ಪ್ರತಿ ನಲ್ಲಿಯ ಕೆಳಗೂ ಒಂದು ಮಗ್ ಇಡಬಹುದು. ಅದಕ್ಕೆ ಹೆಚ್ಚು ಖರ್ಚಿಲ್ಲ. ಹತ್ತು ಜನ ಬಳಸತೊಡಗಿದರೆ ಹನ್ನೊಂದನೆಯವರಿಗೆ ಹೇಳಬೇಕಾಗಿಯೂ ಇರುವುದಿಲ್ಲ.