ಅನಗತ್ಯ ಸೂಚನಾಪತ್ರಗಳ ನಿಯಂತ್ರಣ

ಹಲವರು ಕೂಡಿ ನಡೆಸುವ ಕಾರ್ಯದಲ್ಲಿ ಒಬ್ಬರು ಮಾಡಿದುದು ಮತ್ತೊಬ್ಬರಿಗೆ ತಿಳಿಯುತ್ತಿರಬೇಕು. ಇದಕ್ಕೆಂದು ರಚಿತವಾದ ಗಣಕ ತಂತ್ರಾಂಶಗಳಲ್ಲಿ 2006ರಲ್ಲಿ ಬಳಕೆಗೆ ಬಂದ ರೆಡ್‌ಮೈನ್ ಒಂದು. ಇದರಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದು ಪುಟವಿರುತ್ತದೆ. ಆ ಪುಟದಲ್ಲಿ ಬದಲಾವಣೆಯಾದೊಡನೆ ಸಂಬಂಧಪಟ್ಟವರಿಗೆ ಇ-ಮೇಲ್ ತಾನಾಗಿ ಹೋಗುತ್ತದೆ. ಈ ಅನುಕೂಲವೇ ಮಿತಿಮೀರಿದಾಗ ಉಪದ್ರವವಾಗುತ್ತದೆ. ಪತ್ರಗಳು ರಾಶಿಯಾಗಿ ಬಂದರೆ ಮನುಷ್ಯನು ಓದದೆಯೇ ಅಳಿಸುವ ರೂಢಿಗೆ ಬೀಳುತ್ತಾನೆ. ಅವನಿಗೇ ವಹಿಸಿದ ಕೆಲಸದ ಪತ್ರವೂ ಅದರಲ್ಲಿ ಕಳೆದುಹೋಗುತ್ತದೆ.

ಇದಕ್ಕೆ ಪರಿಹಾರವು ಮೂರು ನೆಲೆಗಳಲ್ಲಿದೆ. ಮೊದಲನೆಯದು ನಿರ್ವಾಹಕನದು: ಯಾವ ಯಾವ ಸಂದರ್ಭಗಳಲ್ಲಿ ಪತ್ರ ಹೊರಡಬೇಕೆಂಬುದನ್ನು ಅವನು ಎಲ್ಲರಿಗೂ ಅನ್ವಯಿಸುವಂತೆ ಗೊತ್ತುಪಡಿಸಬಲ್ಲನು. ಎರಡನೆಯದು ಬಳಕೆದಾರನದು: ಎಲ್ಲ ಯೋಜನೆಗಳ ಸುದ್ದಿ ಬೇಕೇ, ಆಯ್ದ ಯೋಜನೆಗಳದೇ, ಅಥವಾ ತಾನು ಗಮನಿಸುತ್ತಿರುವ ಇಲ್ಲವೆ ಪಾಲ್ಗೊಂಡಿರುವ ಕೆಲಸಗಳದು ಮಾತ್ರವೇ ಎಂಬುದನ್ನು ಅವನು ತನ್ನ ಖಾತೆಯ ಪುಟದಲ್ಲಿ ಆರಿಸಿಕೊಳ್ಳಬಹುದು. ತಾನೇ ಮಾಡಿದ ಬದಲಾವಣೆಯ ಪತ್ರ ತನಗೆ ಬೇಡವೆಂದೂ ಸೂಚಿಸಬಹುದು. ಮೂರನೆಯದು ಬಿಡಿ ಕೆಲಸಕ್ಕೆ ಸಂಬಂಧಿಸಿದುದು: ಅದನ್ನು ಗಮನಿಸುವವರ ಪಟ್ಟಿಯಿಂದ ತನ್ನ ಹೆಸರನ್ನು ತೆಗೆಯಬಹುದು. ಆದರೆ ಆ ಕೆಲಸ ತನಗೇ ವಹಿಸಲ್ಪಟ್ಟಿದ್ದರೆ, ಹೆಸರು ತೆಗೆದ ಮಾತ್ರಕ್ಕೆ ಪತ್ರಗಳು ನಿಲ್ಲುವುದಿಲ್ಲ.

ಯಾವ ಪತ್ರವೂ ಬೇಡವೆಂಬ ಆಯ್ಕೆಯೂ ಉಂಟು. ಬೇಸತ್ತವನ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅದು ಕಳೆ ಕೀಳಲು ಹೋಗಿ ಪೈರನ್ನೇ ಕಿತ್ತಂತೆ. ಅವನಿಗೆ ನೆಮ್ಮದಿ ದೊರೆಯಬಹುದು. ಆದರೆ ಜೊತೆಯವರು ಅವನ ಉತ್ತರಕ್ಕಾಗಿ ಕಾಯುತ್ತಲೇ ಇರುತ್ತಾರೆ, ಕೆಲಸ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ತನ್ನ ಹೊಣೆಗೆ ಸೇರಿದ ಪತ್ರಗಳನ್ನು ಉಳಿಸಿಕೊಂಡು, ಉಳಿದವುಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಬರುವುದೇ ಸರಿಯಾದ ಕ್ರಮ.