ಕೀ ಕೈಗೆ ಬಂತು, ಆರ್‌ಸಿ ಯಾರ ಹೆಸರಲ್ಲಿದೆ?

ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಕಾರಿನ ಮಾತು ಬಂದರೆ ಎರಡು ಬೇಡಿಕೆ ಒಟ್ಟಿಗೇ ಬರುತ್ತವೆ. ಅಜ್ಜ ಅಜ್ಜಿ ಸೊಂಟ ಬಗ್ಗಿಸದೆ ಹತ್ತಿ ಇಳಿಯುವಂತಿರಬೇಕು, ಹಿಂದೆ ಆರು ಜನರ ಸಾಮಾನು ಹಿಡಿಸಬೇಕು. ಹಳ್ಳಿಯ ದಾರಿಗೂ ಸೈ, ರಾಷ್ಟ್ರೀಯ ಹೆದ್ದಾರಿ 48ಕ್ಕೂ ಸೈ ಎನ್ನುವ ಇಂಥ ಗಾಡಿಯನ್ನು ಐಷಾರಾಮಿ ಕಂಪನಿಗಳು ಭಾರತಕ್ಕೆ ತಂದದ್ದು ಅಪರೂಪ. ವೋಲ್ವೊ ಕಂಪನಿಯ ವಿ90 ಕ್ರಾಸ್ ಕಂಟ್ರಿ 2017ರ ಜುಲೈನಲ್ಲಿ ಬಂದಾಗ ಷೋರೂಂ ಬೆಲೆ 60 ಲಕ್ಷ ರೂಪಾಯಿ. ಮರುವರ್ಷ ಬಂದ ಮರ್ಸಿಡಿಸ್ ಬೆಂಜ್ ಇ-ಕ್ಲಾಸ್ ಆಲ್-ಟೆರೇನ್‌ಗೆ 75 ಲಕ್ಷ. ಹೊಸದಾಗಿ ಕೊಳ್ಳಲು ಕೈ ಹಿಂಜರಿಯುವ ಈ ಗಾಡಿಗಳು ಏಳೆಂಟು ವರ್ಷಗಳಲ್ಲಿ ಹಳೇ ಕಾರುಗಳ ಅಂಗಳಕ್ಕೆ ಬಂದು ನಿಂತಾಗ ಹಿರಿಯೂರಿನ ತೋಟದ ಮನೆಗೂ ಎಟುಕುವಂತೆ ಕಾಣುತ್ತವೆ.

ಕೊಳ್ಳುವವರು ಆಗ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಬೆಂಗಳೂರಿಗೆ ಹೋಗುತ್ತಾರೆ. ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ನೋಡುತ್ತಾರೆ, ಬಾನೆಟ್‌ನ ಬಣ್ಣದಲ್ಲಿ ವ್ಯತ್ಯಾಸವಿದೆಯೇ ಎಂದು ಬಿಸಿಲಿಗೆ ಹಿಡಿದು ಪರೀಕ್ಷಿಸುತ್ತಾರೆ. ಎಕರೆ ಜಮೀನು ಕೊಳ್ಳುವಾಗ ಪಹಣಿ, ಮ್ಯುಟೇಷನ್, ಋಣಭಾರ ಪತ್ರ ಎಂದು ತಿಂಗಳುಗಟ್ಟಲೆ ಅಲೆಯುವ ಅದೇ ಮಂದಿ ಇಪ್ಪತ್ತು ಲಕ್ಷದ ಕಾರಿಗೆ ಸಹಿ ಹಾಕಿದ ಎರಡು ಖಾಲಿ ಫಾರ್ಮ್ ಸಿಕ್ಕಿದರೆ ಸಾಕೆಂದು ಊರಿಗೆ ಹೊರಡುತ್ತಾರೆ. ಎಂಜಿನ್ ಕೆಟ್ಟರೆ ದುಡ್ಡು ಸುರಿದು ಸರಿ ಮಾಡಿಸಬಹುದು. ಕಾಗದ ಕೆಟ್ಟಿದ್ದರೆ ಗಾಡಿಯೇ ಕೈಬಿಟ್ಟು ಹೋಗಬಹುದು.

ಮೋಟಾರು ವಾಹನ ಕಾಯ್ದೆ, 1988ರ 2ನೇ ಸೆಕ್ಷನ್‌ನ 30ನೇ ಉಪವಿಧಿಯ ಪ್ರಕಾರ, ವಾಹನ ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಸಾಲದ ಮೇಲಿರುವ ಗಾಡಿಗೆ ವಿನಾಯಿತಿ ಇದೆ. ಅಲ್ಲಿ ಒಪ್ಪಂದದಂತೆ ಗಾಡಿಯನ್ನು ವಶದಲ್ಲಿಟ್ಟುಕೊಂಡವರನ್ನು ಮಾಲೀಕರೆಂದು ಪರಿಗಣಿಸಲಾಗುತ್ತದೆ. ಹಣ ಕೊಟ್ಟದ್ದು, ಕೀ ಪಡೆದದ್ದು, ಡೆಲಿವರಿ ನೋಟ್ ಬರೆಸಿಕೊಂಡದ್ದು ಮಾರಿದವರ ಮತ್ತು ಕೊಂಡವರ ನಡುವಿನ ವ್ಯವಹಾರಕ್ಕೆ ಸಾಕ್ಷಿಯಾದೀತು. ಅಪಘಾತದ ಪರಿಹಾರ ಕೇಳಿಬಂದ ಮೂರನೆಯವರ ಮುಂದೆ ಅದು ಹೆಚ್ಚು ನಿಲ್ಲದು.

ಇದು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣವನ್ನು ನೋಡಬೇಕು. 2009ರ ಮೇ ತಿಂಗಳಲ್ಲಿ ಒಂದು ಕಾರು ಅಪಘಾತ ಮಾಡಿತು. ಅಷ್ಟರಲ್ಲಿ ಆ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲನೆಯವರ ಹೆಸರಿನಲ್ಲೇ ಉಳಿದಿತ್ತು. 2007ರಲ್ಲೇ ಮಾರಿದ್ದೇನೆ ಎಂಬುದು ಅವರ ವಾದ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ನಂತರ ಕೊಂಡವರ ಮೇಲೆ ಹೊಣೆ ಹೊರಿಸಿತ್ತು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2018ರ ಫೆಬ್ರುವರಿ 6ರಂದು ಅದನ್ನು ಒಪ್ಪಲಿಲ್ಲ. ದಾಖಲೆಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ, ಅಪಘಾತದಲ್ಲಿ ನೊಂದವರು ಗಾಡಿ ಯಾರ್‍ಯಾರ ಕೈ ಸೇರಿತೆಂದು ಹುಡುಕುತ್ತಾ ಅಲೆಯಬೇಕಿಲ್ಲ ಎಂದಿತು.

ಹಳೇ ಕಾರು ಮಾರಿ ದೊಡ್ಡದನ್ನು ಕೊಳ್ಳಲು ಹೊರಟವರು ಈ ತೀರ್ಪನ್ನು ಎರಡು ಸಲ ಓದಬೇಕು, ಏಕೆಂದರೆ ಅವರು ಒಂದೇ ವಾರದಲ್ಲಿ ಮಾರುವವರೂ ಹೌದು, ಕೊಳ್ಳುವವರೂ ಹೌದು.

ಹಾಗಾದರೆ ಹೆಸರು ಬದಲಾಗುವುದು ಹೇಗೆ? ಕಾಯ್ದೆಯ 50ನೇ ಸೆಕ್ಷನ್ ಇಬ್ಬರ ಮೇಲೂ ಗಡುವು ಹಾಕಿದೆ. ಗಾಡಿ ಅದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು, ಹೊರರಾಜ್ಯದ್ದಾದರೆ 45 ದಿನಗಳಲ್ಲಿ. ಕೊಂಡವರಿಗೆ 30 ದಿನ. ಮಾರಿದವರು ತಿಳಿಸುವ ಫಾರ್ಮ್ 29, ಹೆಸರು ಬದಲಾವಣೆಗೆ ಇಬ್ಬರೂ ಸಹಿ ಹಾಕುವ ಫಾರ್ಮ್ 30. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ತಾಲ್ಲೂಕಿನವರಿಗೆ ಚಿತ್ರದುರ್ಗದ ಕೆಎ-16 ಕಚೇರಿಯೇ ಗತಿ. ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲೇ ಹಾಕಬಹುದಾದ್ದರಿಂದ ಬ್ರೋಕರ್ ಕೈಗೆ ಖಾಲಿ ಫಾರ್ಮ್ ಕೊಟ್ಟು ಬರುವ ಹಳೇ ಪದ್ಧತಿಗೆ ಈಗ ಕಾರಣವೇ ಉಳಿದಿಲ್ಲ. ತಾರೀಖಿಲ್ಲದ ಸಹಿ ಎಂದರೆ ನಾಲ್ಕನೆಯ ಕೈಗೆ ಗಾಡಿ ಹೋದರೂ ಮೊದಲನೆಯವರ ಹೆಸರು ಹಾಗೆಯೇ ಉಳಿಯಲು ಕೊಟ್ಟ ಪರವಾನಗಿ.

ಡೀಲರ್ ನಡುವೆ ಇದ್ದರೆ ಲೆಕ್ಕ ಬೇರೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರುವ ಡೀಲರುಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯುವ ವ್ಯವಸ್ಥೆ ಬಂತು. ಮಾಲೀಕರು ಅಂಥ ಡೀಲರಿಗೆ ಗಾಡಿ ಒಪ್ಪಿಸಿ ಅದನ್ನು ಪೋರ್ಟಲ್‌ನಲ್ಲಿ ತಿಳಿಸಿದ ಮೇಲೆ, ಮಾರಾಟವಾಗುವ ತನಕ ಡೀಲರನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಆ ಅವಧಿಯಲ್ಲಿ ಗಾಡಿಯನ್ನು ಟೆಸ್ಟ್ ಡ್ರೈವ್, ರಿಪೇರಿಯಂಥ ಕೆಲಸಕ್ಕಷ್ಟೇ ಹೊರತೆಗೆಯಬೇಕು, ಓಡಾಟದ ಲೆಕ್ಕ ಇಡಬೇಕು. ಬೋರ್ಡಿನಲ್ಲಿ ಎಷ್ಟು ದೊಡ್ಡ ಅಕ್ಷರದಲ್ಲಿ ‘ಪ್ರೀಮಿಯಂ ಕಾರ್ಸ್’ ಎಂದಿದ್ದರೂ ಅಧಿಕಾರಪತ್ರ ತೋರಿಸಿ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಕೇಳಿದಾಗ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಐಷಾರಾಮಿ ಗಾಡಿಗಳಲ್ಲಿ ಹೆಚ್ಚು ಜನ ಎಡವುವುದು ತೆರಿಗೆಯಲ್ಲಿ. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. 60 ಲಕ್ಷದ ಗಾಡಿಗೆ ಬರೀ ತೆರಿಗೆಯೇ 10 ಲಕ್ಷದ 80 ಸಾವಿರ. ಇಷ್ಟು ಕಟ್ಟುವುದನ್ನು ತಪ್ಪಿಸಲು ತೆರಿಗೆ ಕಡಿಮೆಯಿರುವ ಪುದುಚೇರಿಯಂಥ ಕಡೆ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ಚಾಳಿ ಹಳೆಯದು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಇಂಥ 30 ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ಸುಮಾರು 1 ಕೋಟಿ 42 ಲಕ್ಷ ರೂಪಾಯಿ ಕಟ್ಟಿದ್ದು ರಾಜ್ಯದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

‘ಹೊರರಾಜ್ಯದ ಗಾಡಿಗೆ ತೆರಿಗೆ ಬೇಡ, ಹೈಕೋರ್ಟೇ ಹೇಳಿದೆ’ ಎಂಬ ಮಾತು ಕಾರು ಮಾರುವವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಅದು ಅರ್ಧ ಸತ್ಯ. ರಾಜ್ಯದಲ್ಲಿ 30 ದಿನಕ್ಕಿಂತ ಹೆಚ್ಚು ಉಳಿದ ಹೊರರಾಜ್ಯದ ವಾಹನಕ್ಕೆ ಜೀವಿತಾವಧಿ ತೆರಿಗೆ ಹಾಕುವ 2014ರ ತಿದ್ದುಪಡಿಯನ್ನು ಕರ್ನಾಟಕ ಹೈಕೋರ್ಟ್ 2016ರ ಮಾರ್ಚ್‌ನಲ್ಲಿ ರದ್ದುಪಡಿಸಿದ್ದು ನಿಜ. ಕೇಂದ್ರ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಹೊರರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇದ್ದರೆ ಹೊಸ ನಂಬರ್ ಪಡೆಯಬೇಕು. ಆದರೆ ಈ 12 ತಿಂಗಳು ಕೆಲಸಕ್ಕೋ ಓದಿಗೋ ಬಂದವರ ಅನುಕೂಲಕ್ಕೆ ಇದ್ದದ್ದು. ಹೊಸದುರ್ಗದಲ್ಲೇ ಹುಟ್ಟಿ ಬೆಳೆದು, ಅಲ್ಲಿನ ವಿಳಾಸಕ್ಕೇ ಗಾಡಿ ಕೊಂಡವರು ಅತಿಥಿಯೆಂದು ವಾದಿಸಲು ಬರುವುದಿಲ್ಲ. ಹೆಸರು ಬದಲಾವಣೆಗೆ ಅವರು ಚಿತ್ರದುರ್ಗದ ಕಚೇರಿಗೆ ಹೋಗಲೇಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುವ ದರದಲ್ಲಿ ತೆರಿಗೆ ಕಟ್ಟಲೇಬೇಕು. ಮೂಲ ಆರ್‌ಟಿಒ ಕೊಡುವ ಎನ್‌ಒಸಿ, ಅಂದರೆ ಫಾರ್ಮ್ 28, ಇಲ್ಲದೆ ಆ ಕೆಲಸ ಶುರುವಾಗುವುದೂ ಇಲ್ಲ. ಮೂಲ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆ ವಾಪಸು ಬರುವುದು ಅದನ್ನು ಕಟ್ಟಿದವರಿಗೆ, ಹಾಗಾಗಿ ಆ ಮೊತ್ತದ ಮಾತನ್ನು ಬೆಲೆಯ ಚೌಕಾಸಿಯಲ್ಲೇ ಮುಗಿಸಿಕೊಳ್ಳುವುದು ಜಾಣತನ.

ದೆಹಲಿ ಗಾಡಿಗಳದ್ದು ಇನ್ನೊಂದು ಕಥೆ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ನಂತರ ಆ ಆದೇಶ ಸಡಿಲವಾಗುತ್ತ, ಬದಲಾಗುತ್ತ ಬಂದಿದ್ದರೂ ಅಲ್ಲಿನ ಡೀಸೆಲ್ ಐಷಾರಾಮಿ ಕಾರುಗಳು ಅಗ್ಗದ ಬೆಲೆ ಹೊತ್ತು ದಕ್ಷಿಣಕ್ಕೆ ಇಳಿಯುವುದು ನಿಂತಿಲ್ಲ. ಬೆಲೆ ಏಕೆ ಅಗ್ಗ ಎಂದು ಕೇಳಿದರೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಉಳಿದರ್ಧಕ್ಕೆ ಚಾಸಿ ನಂಬರ್ ಸಾಕ್ಷಿ: ಗಾಡಿಯ ಮೇಲೆ ಕೊರೆದದ್ದು, ಆರ್‌ಸಿಯಲ್ಲಿರುವುದು, ವಿಮೆಯಲ್ಲಿರುವುದು ಮೂರೂ ಒಂದೇ ಇರಬೇಕು. ಗಾಡಿ ಕಳವಾದದ್ದೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಆನ್‌ಲೈನ್ ಸೌಲಭ್ಯವಿದೆ. ಕದ್ದ ಗಾಡಿಯನ್ನು ಅರಿಯದೆ ಕೊಂಡರೂ ಮಾಲೀಕತ್ವ ಸಿಗದು. 1930ರ ಸರಕು ಮಾರಾಟ ಕಾಯ್ದೆಯ ಮೂಲ ತತ್ವವೇ ಅದು, ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವನಿಗೂ ಅದು ದಕ್ಕುವುದಿಲ್ಲ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಗಾಡಿ ಫೈನಾನ್ಸ್ ಮೇಲಿದೆ ಎಂದೇ ಅರ್ಥ. ‘ಸಾಲ ತೀರಿದೆ, ಎಚ್‌ಪಿ ತೆಗೆಸುವುದಷ್ಟೇ ಬಾಕಿ’ ಎಂಬ ಮಾತು ಸಾಲದು. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಎರಡೂ ಸೇರಿ ದಾಖಲೆಯಿಂದ ಆ ಹೆಸರು ಅಳಿದ ಮೇಲೆ ಕೊನೆಯ ಕಂತಿನ ಹಣ ಕೊಡುವುದು ಕ್ಷೇಮ. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬಿದ್ದಿದೆಯೇ ನೋಡಬೇಕು, ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲೇ ಅದನ್ನು ಕಡ್ಡಾಯ ಮಾಡಿದೆ. ಬಾಕಿ ದಂಡಗಳನ್ನೂ ಅಂದೇ ತೆಗೆಸಿ ನೋಡಬೇಕು. ಮಾರಿದವರ ಫಾಸ್ಟ್‌ಟ್ಯಾಗ್ ಗಾಜಿನ ಮೇಲೇ ಉಳಿದರೆ ಗುಯಿಲಾಳು ಟೋಲ್ ದಾಟಿದಾಗಲೆಲ್ಲ ಹಣ ಅವರ ಖಾತೆಯಿಂದ ಹೋಗುತ್ತದೆ, ಜಗಳ ಕೊಂಡವರ ಮನೆಗೆ ಬರುತ್ತದೆ.

ವಿಮೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗಾಡಿ ಜೊತೆ ಇನ್ಶೂರೆನ್ಸೂ ಬಂತು ಎಂದು ಜನ ನಿರಾಳವಾಗುತ್ತಾರೆ. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಪಾಲಿಸಿ ಕೊಂಡವರಿಗೆ ವರ್ಗವಾದಂತೆಯೇ ಭಾವಿಸಲಾಗುತ್ತದೆ, ಆದರೆ ಅದು ರಸ್ತೆಯಲ್ಲಿ ನೊಂದ ಮೂರನೆಯವರ ರಕ್ಷಣೆಗೆ. ಕಂಪ್ಲೀಟ್ ಇನ್ಸುಲೇಷನ್ಸ್ ವಿರುದ್ಧ ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ, ಸ್ವಂತ ಗಾಡಿಗಾದ ಹಾನಿಯ ಪರಿಹಾರ ಹೀಗೆ ತಾನಾಗಿ ವರ್ಗವಾಗದು, ಕಂಪನಿ ಒಪ್ಪಿ ಹೆಸರು ಬದಲಿಸಿರಬೇಕು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಐಷಾರಾಮಿ ಗಾಡಿಯ ಒಂದು ಹೆಡ್‌ಲೈಟಿನ ಬೆಲೆ ಕೇಳಿದವರಿಗೆ ಇದರ ತೂಕ ಗೊತ್ತಾಗುತ್ತದೆ. 14 ದಿನಗಳ ಒಳಗೆ ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವರ ನೋ ಕ್ಲೈಮ್ ಬೋನಸ್ ಅವರ ಜೊತೆಗೇ ಹೋಗುವುದರಿಂದ ಅದರ ವ್ಯತ್ಯಾಸದ ಹಣ ಕೊಂಡವರ ಲೆಕ್ಕಕ್ಕೆ ಬೀಳುತ್ತದೆ.

ಹಣ ಕೊಡುವ ರೀತಿಯಲ್ಲೂ ಕಾನೂನಿದೆ. ಅಡಿಕೆ ಮಾರಿದ ನಗದನ್ನು ಚೀಲದಲ್ಲಿ ತುಂಬಿಕೊಂಡು ಹೋಗುವ ಅಭ್ಯಾಸವಿದ್ದರೆ ಬಿಡಬೇಕು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಪಡೆದವರ ಮೇಲೆ, ಆದರೆ ಬ್ಯಾಂಕಿನಲ್ಲಿ ಗುರುತಿಲ್ಲದ ಹಣವನ್ನು ನಾಳೆ ಕೋರ್ಟಿನಲ್ಲಿ ಸಾಬೀತು ಮಾಡುವ ಪಾಡು ಕೊಟ್ಟವರದು. ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್‌ನಲ್ಲಿ ಹಳೇ ವಾಹನಗಳಿಗೆ ಶೇ 18ರ ದರ ನಿಗದಿ ಮಾಡಿತು. ಅದು ನೋಂದಾಯಿತ ಡೀಲರ್ ಗಳಿಸುವ ಲಾಭಾಂಶದ ಮೇಲಿನ ತೆರಿಗೆ. ಪೂರ್ತಿ ಬೆಲೆಯ ಮೇಲೆ ಶೇ 18 ಸೇರಿಸಿದ ಬಿಲ್ ಬಂದರೆ ಪ್ರಶ್ನಿಸಬೇಕು. ಒಬ್ಬ ಸಾಮಾನ್ಯ ವ್ಯಕ್ತಿ ಇನ್ನೊಬ್ಬರಿಗೆ ಮಾರಿದರೆ ಆ ತೆರಿಗೆಯೇ ಇಲ್ಲ.

ಇಷ್ಟಾಗಿಯೂ ಮೋಸವಾದರೆ? ಕಿಲೋಮೀಟರ್ ಮೀಟರ್ ಹಿಂದಕ್ಕೆ ತಿರುಗಿಸಿದ್ದು, ದೊಡ್ಡ ಅಪಘಾತ ಮುಚ್ಚಿಟ್ಟದ್ದು ಸರ್ವಿಸ್ ದಾಖಲೆಯಿಂದ ಹೊರಬಿದ್ದಿದೆ ಎನ್ನಿ. ಮಾರಿದ್ದು ಡೀಲರ್ ಆಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೈಹಿಡಿಯುತ್ತದೆ. ಗಾಡಿಯನ್ನು ಮನೆ ಬಳಕೆಗೆ ಕೊಂಡದ್ದು ಇಲ್ಲಿ ಲಾಭವೇ, ವ್ಯಾಪಾರಕ್ಕೆ ಕೊಂಡವರು ಈ ಕಾಯ್ದೆಯ ಗ್ರಾಹಕರಲ್ಲ. ಡೀಲರ್ ಬೆಂಗಳೂರಿನವನಾದರೂ ದೂರನ್ನು ಅಲ್ಲಿಗೇ ಒಯ್ಯಬೇಕಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದಾಖಲಿಸಬಹುದೆಂದು 34ನೇ ಸೆಕ್ಷನ್ ಹೇಳುತ್ತದೆ, ಅಂದರೆ ಹೊಳಲ್ಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಕೊಟ್ಟ ಬೆಲೆ 50 ಲಕ್ಷದೊಳಗಿರಬೇಕು, ಎರಡು ವರ್ಷದೊಳಗೆ ದೂರು ಕೊಡಬೇಕು. 20ರಿಂದ 50 ಲಕ್ಷದ ವ್ಯವಹಾರಕ್ಕೆ ಶುಲ್ಕ 1000 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ರಾಜಿಯ ದಾರಿ ನೋಡಬಹುದು.

ಮಾರಿದವರು ಡೀಲರಲ್ಲದೆ ಪರಿಚಯದ ಯಾರೋ ಆಗಿದ್ದರೆ ಗ್ರಾಹಕ ಕಾಯ್ದೆ ಅಷ್ಟಾಗಿ ಒದಗದು. ಸುಳ್ಳು ಹೇಳಿ ಮಾರಿದ್ದಕ್ಕೆ ಕರಾರು ಕಾಯ್ದೆಯಡಿ ಸಿವಿಲ್ ಕೋರ್ಟು, ಉದ್ದೇಶಪೂರ್ವಕ ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಅಡಿ ಪೊಲೀಸ್ ಠಾಣೆ. ಯಾವ ದಾರಿ ಎಂದು ತಿಳಿಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೋ ತಾಲ್ಲೂಕು ಸಮಿತಿಯಲ್ಲೋ ಕೇಳಬಹುದು. 15100 ಅದರ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವಿದೆ.

ಊರಿನಲ್ಲಿ ಸಿಗುವ ಒಳ್ಳೆಯ ಹಳೇ ಗಾಡಿಗಳಲ್ಲಿ ಕೆಲವು ಯಜಮಾನರು ತೀರಿಕೊಂಡ ಮನೆಗಳದ್ದು. ಮಗನೋ ಅಳಿಯನೋ ತೀರಿಹೋದವರ ಹೆಸರಿನಲ್ಲೇ ಮಾರಲು ಬರುತ್ತಾರೆ. ಅವರ ಮೇಲೆ ಅನುಮಾನ ಪಡಬೇಕಿಲ್ಲ, ಆದರೆ ಮಾರುವ ಹಕ್ಕು ಅವರಿಗೆ ಇನ್ನೂ ಬಂದಿರುವುದಿಲ್ಲ. ಗಾಡಿಯನ್ನು ವಶದಲ್ಲಿಟ್ಟುಕೊಂಡ ವಾರಸುದಾರರು ಮರಣದ ವಿಷಯವನ್ನು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳ ಒಳಗೆ ಫಾರ್ಮ್ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಆರ್‌ಸಿ ಅವರ ಹೆಸರಿಗೆ ಬಂದ ಮೇಲೆ ಫಾರ್ಮ್ 29, 30ರ ಮಾತು. ಈ ಅಲೆದಾಟ ಕಡಿಮೆ ಮಾಡಲು 2021ರಲ್ಲಿ ನಿಯಮ ತಿದ್ದಿ ಆರ್‌ಸಿಯಲ್ಲೇ ನಾಮಿನಿ ಬರೆಸುವ ಅವಕಾಶ ಕೊಡಲಾಗಿದೆ. ಹೊಸ ನೋಂದಣಿಗಷ್ಟೇ ಅಲ್ಲ, ಹಳೇ ಗಾಡಿಗೂ ಅದನ್ನು ಪರಿವಾಹನ್ ಮೂಲಕ ಸೇರಿಸಬಹುದು. ಚಿತ್ರದುರ್ಗದ ಕಚೇರಿಗೆ ಹೆಸರು ಬದಲಾವಣೆಗೆಂದು ಹೋದ ದಿನವೇ ಹೆಂಡತಿಯ ಹೆಸರನ್ನು ನಾಮಿನಿಯಾಗಿ ಸೇರಿಸುವ ಬಗ್ಗೆ ಕೌಂಟರಿನಲ್ಲಿ ಕೇಳಿದರೆ ಇನ್ನೊಂದು ಓಡಾಟ ಉಳಿಯುತ್ತದೆ.