ಅಮೆರಿಕದ ಜನಪ್ರಿಯ ಸಂಗೀತ: ಬೆಳವಣಿಗೆಯ ಹಂತಗಳು

ಗುಲಾಮಗಿರಿಯ ನೋವುಂಡ ಆಫ್ರಿಕನ್ ಅಮೆರಿಕನ್ನರ ದುಡಿಮೆಯ ಹಾಡು ಹಾಗೂ ಭಕ್ತಿಗೀತೆಗಳೇ ಈ ಸಂಗೀತದ ಬಹುಪಾಲು ಶೈಲಿಗಳ ತಾಯಿಬೇರು.

• ರ‍್ಯಾಗ್‌ಟೈಮ್: ಪಿಯಾನೋ ಪ್ರಧಾನ, ಸ್ಕಾಟ್ ಜಾಪ್ಲಿನ್ ಅವರ ‘ಮೇಪಲ್ ಲೀಫ್ ರ‍್ಯಾಗ್’ (1899) ಪ್ರಸಿದ್ಧ.
• ಬ್ಲೂಸ್: ಹುಟ್ಟಿದ್ದು ದಕ್ಷಿಣದ ರಾಜ್ಯಗಳಲ್ಲಿ, 12 ಬಾರ್‌ಗಳ ರಚನೆ ಇದರ ಗುರುತು.
• ಜಾಝ್: ತವರು ನ್ಯೂ ಆರ್ಲಿಯನ್ಸ್, ಮೊದಲ ಧ್ವನಿಮುದ್ರಿಕೆ 1917, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಪ್ರಮುಖರು.
• ರಾಕ್ ಅಂಡ್ ರೋಲ್: 1950ರ ದಶಕ; ರಿದಮ್ ಅಂಡ್ ಬ್ಲೂಸ್ ಮತ್ತು ಕಂಟ್ರಿ ಸಂಗೀತದ ಸಂಗಮ; ಚಕ್ ಬೆರ್ರಿ, ಎಲ್ವಿಸ್ ಪ್ರೀಸ್ಲಿ.
• ಸೋಲ್: ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆ ಹೆಸರುವಾಸಿ, ಸ್ಥಾಪಕ ಬೆರ್ರಿ ಗಾರ್ಡಿ (1959).
• ಹಿಪ್‌ಹಾಪ್: ನ್ಯೂಯಾರ್ಕ್‌ನ ಬ್ರಾಂಕ್ಸ್, 1973, ಡಿಜೆ ಕೂಲ್ ಹರ್ಕ್.

ನೆನಪಿಡಿ: 2018ರಲ್ಲಿ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರಿಗೆ ಸಂಗೀತದ ಪುಲಿಟ್ಜರ್ ಸಂದಿತು. ಶಾಸ್ತ್ರೀಯ ಮತ್ತು ಜಾಝ್ ಸಂಗೀತದಾಚೆಗೆ ಈ ಪ್ರಶಸ್ತಿ ಹೋದದ್ದು ಅದೇ ಮೊದಲು.